ಬಿಡ್ಲಾ ಎಂದು ಕೇಳಿದವಳು

ಐವತ್ತು ದಾಟಿ, ಮಳೆ ಬರುವುದನ್ನು ರೇಡಿಯೋಗಿಂತ ಮೊದಲೇ ಮಂಡಿಗಳು ಹೇಳಲು ಶುರುಮಾಡಿದ ಮೇಲೂ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಚಿಕ್ಕವಳು ಎಂದೇ ಕರೆಯುತ್ತಿದ್ದರು. ಅದೇ ಲಾಂಡ್ರಿಯಲ್ಲಿ ಅವಳ ಓರಗಿತ್ತಿಯೂ ಇದ್ದಳು, ಅವಳು ದೊಡ್ಡವಳು. ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಗಾತ್ರದಲ್ಲಂತೂ ಚಿಕ್ಕವಳೇ ಒಂದು ಕೈ ಮುಂದು. ಆದರೂ ಹೆಸರು ಅಂಟಿದ್ದು ಅಂಟಿತು, ಯಾವ ಸೋಪಿಗೂ ಹೋಗಲಿಲ್ಲ.

ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಪೆಟ್ಟಿಗೆಯ ಅಂಗಡಿ ಎಂದುಕೊಳ್ಳಬಾರದು. ಊರಿನ ಹೋಟೆಲುಗಳಲ್ಲಿ ಮಲಗಿದವರೆಲ್ಲರ ಬೆವರು, ಆಸ್ಪತ್ರೆಗಳಲ್ಲಿ ನರಳಿದವರೆಲ್ಲರ ನರಳಿಕೆ ಗಂಟು ಕಟ್ಟಿಕೊಂಡು ಬಂದು ಬೀಳುತ್ತಿದ್ದ ಭವ್ಯ ಭವನ ಅದು. ಬೆಳಿಗ್ಗೆ ಬಾಯ್ಲರು ಹೊತ್ತಿಸಿದರೆ ಹಬೆ ಎದ್ದು ಸೊಂಟದವರೆಗೆ ಬರುತ್ತಿತ್ತು. ಆಳುಗಳು ಅದರಲ್ಲಿ ಕಾಲಿಲ್ಲದವರಂತೆ ತೇಲುತ್ತ ಓಡಾಡುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ತಾವು ಸತ್ತು ಸ್ವರ್ಗಕ್ಕೆ ಬಂದುಬಿಟ್ಟೆವೇನೋ ಎಂದು ಗಾಬರಿಯಾಗುತ್ತಿದ್ದರು. ಮೇಸ್ತ್ರಿಯ ಬೈಗುಳ ಕಿವಿಗೆ ಬಿದ್ದ ಮೇಲೆ ಅವರಿಗೆ ಸಮಾಧಾನವಾಗುತ್ತಿತ್ತು.

ಓರಗಿತ್ತಿಯರ ರಾಜ್ಯವಿದ್ದದ್ದು ಹಿಂದಿನ ಹಜಾರದಲ್ಲಿ, ಬಿಸಿ ರೋಲರಿನಿಂದ ಹೊರಬಂದ ಬೆಡ್‌ಶೀಟುಗಳನ್ನು ಮಡಿಚುವ ಕಡೆ. ಮೇಲೆ ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಇಳಿಯುತ್ತಿತ್ತು. ಆ ಬಿಸಿಲಿನ ಕೋಲುಗಳ ನಡುವೆ ಆ ತುದಿಗೊಬ್ಬಳು, ಈ ತುದಿಗೊಬ್ಬಳು. ನಡುವೆ ಬೆಡ್‌ಶೀಟು ಹಾಯಿಯಂತೆ ಉಬ್ಬಿ ಒಬ್ಬಳ ಮುಖ ಇನ್ನೊಬ್ಬಳಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಬಾಯೇ ಕಣ್ಣಾಗಬೇಕಿತ್ತು. ಚಿಕ್ಕವಳು ಕೇಳುವಳು, ದೊಡ್ಡವಳು ಉತ್ತರಿಸುವಳು.

“ಹಿಡಿದ್ಯಾ?”

“ಹಿಡ್ದೆ!”

“ಎಳೆದ್ಯಾ?”

“ಎಳ್ದೆ!”

“ಮೂಲೆಗ್ ಮೂಲೆ?”

“ಸೇರ್ತು!”

ಅಷ್ಟಾದ ಮೇಲೆ ಚಿಕ್ಕವಳು ತನ್ನ ತುದಿಯನ್ನು ಎತ್ತಿಕೊಂಡು ದೊಡ್ಡವಳ ಹತ್ತಿರ ನಡೆದು ಬರುವಳು. ಮೂಲೆಗಳನ್ನು ಅವಳ ಬೆರಳಿಗೆ ದಾಟಿಸುವ ಮೊದಲು ಕೊನೆಯದಾಗಿ ಕೇಳುವಳು: “ಬಿಡ್ಲಾ?”

“ಬಿಡು!”

ಚಿಕ್ಕವಳ ಕೈ ಬಿಡುವುದು, ಬಾಗಿ ಕೆಳಗಿನ ಮಡಿಕೆಯನ್ನು ಹಿಡಿಯುವುದು, ಮತ್ತೆ ಹಿಂದೆ ಸರಿಯುವುದು. ಹೀಗೆ ಹತ್ತಿರ ಬರುವುದು, ದೂರ ಹೋಗುವುದು. ದೂರದಿಂದ ನೋಡಿದರೆ ಯಾವುದೋ ಅರಮನೆಯ ಕುಣಿತ. ಬಾಯ್ಲರಿನ ಗುಡುಗಿನಲ್ಲೂ ಚಿಕ್ಕವಳ ಗಂಟಲು ಬೀದಿಯ ಆ ಕಡೆಯ ಔಷಧಿ ಅಂಗಡಿಗೆ ಕೇಳಿಸುತ್ತಿತ್ತು. “ನಿನ್ ಗಂಟಲಿಗೂ ಒಂದ್ ಸ್ವಲ್ಪ ಗಂಜಿ ಹಾಕಿ ಇಸ್ತ್ರಿ ಮಾಡ್ಸು ಕಣೇ” ಎನ್ನುತ್ತಿದ್ದಳು ದೊಡ್ಡವಳು.

ಇಂಥ ಸಾಮ್ರಾಜ್ಯ ಒಂದು ಮೇಜುಬಟ್ಟೆಯಿಂದ ಮುರಿದುಬಿತ್ತು.

ದೊಡ್ಡ ಹೋಟೆಲಿನ ಮ್ಯಾನೇಜರು ಕೆಲಸ ನೋಡಲು ಬಂದಿದ್ದ ದಿನ. ಮೇಸ್ತ್ರಿ ಹಲ್ಲು ಕಿರಿಯುತ್ತ ಪಕ್ಕದಲ್ಲಿ ನಿಂತಿದ್ದ. ಮೇಜುಬಟ್ಟೆಯೋ, ಒಂದು ಸೈನ್ಯ ಕೂತು ಉಣ್ಣುವಷ್ಟು ಉದ್ದ. ಬಿಡ್ಲಾ ಎನ್ನುವ ಹೊತ್ತಿಗೆ ಅದು ಇಬ್ಬರ ಕೈಯಿಂದಲೂ ಜಾರಿ, ನಿಧಾನವಾಗಿ, ಹಂಸ ಇಳಿದಂತೆ ಇಳಿದು, ನೀಲಿ ಅದ್ದುವ ತೊಟ್ಟಿಯೊಳಗೆ ಕೂತಿತು. ಎದ್ದು ಬಂದಾಗ ಅದು ಮೇಜಿನ ಬಟ್ಟೆಯಾಗಿರಲಿಲ್ಲ, ಆಕಾಶದ ತುಂಡಾಗಿತ್ತು.

“ನಾನು ಬಿಡು ಅನ್ನೋಕ್ ಮುಂಚೆ ಇವಳು ಬಿಟ್ಲು” ಎಂದಳು ದೊಡ್ಡವಳು.

“ಅಕ್ಕ ಬಿಡು ಅಂದ್ಲು. ಅಂದವಳು ತಾನು ಹಿಡ್ಕೊಳ್ಲಿಲ್ಲ” ಎಂದಳು ಚಿಕ್ಕವಳು.

ಎಲ್ಲರ ಎದುರಿಗೆ ಹೇಳಿದ ಮಾತು. ಮನೆಯಲ್ಲಿ ಹೇಳಿದ್ದರೆ ಊಟದ ಹೊತ್ತಿಗೆ ಒಣಗಿಹೋಗುತ್ತಿತ್ತೋ ಏನೋ. ಮರುವಾರ ದೊಡ್ಡವಳು ಹೊಳೆಯಾಚೆಯ ಇನ್ನೊಂದು ಲಾಂಡ್ರಿಗೆ ಸೇರಿಕೊಂಡಳು. ಮಾತು ನಿಂತಿತು.

ಕಷ್ಟವೇನೆಂದರೆ, ಇಬ್ಬರೂ ವಾಸವಿದ್ದದ್ದು ಒಂದೇ ಮನೆಯಲ್ಲಿ. ಮೇಲಿನ ಅಂತಸ್ತು ದೊಡ್ಡವಳದು, ಕೆಳಗಿನದು ಚಿಕ್ಕವಳದು, ನಡುವೆ ಮರದ ಮೆಟ್ಟಿಲು. ಒಬ್ಬಳು ಇಳಿಯುವಾಗ ಇನ್ನೊಬ್ಬಳು ಹತ್ತಬೇಕಾಗಿ ಬಂದರೆ ಇಬ್ಬರೂ ಗೋಡೆಯ ಕಡೆ ಮುಖ ತಿರುಗಿಸಿ, ಸುಣ್ಣದ ಬಿರುಕುಗಳನ್ನು ಪರೀಕ್ಷಿಸುತ್ತ ದಾಟಿಕೊಳ್ಳುತ್ತಿದ್ದರು. ಆ ಗೋಡೆಯ ಬಿರುಕುಗಳು ಅವರಿಗೆ ಬಾಯಿಪಾಠವಾಗಿದ್ದವು. ಅಗತ್ಯದ ಮಾತುಗಳೆಲ್ಲ ಗಂಡಂದಿರ ಮೂಲಕ ಹರಿಯಬೇಕಿತ್ತು.

“ನಿಮ್ಮ ತಮ್ಮನ ಹೆಂಡ್ತಿಗೆ ಹೇಳಿ, ನೀರು ಬಂದಿದೆ ಅಂತ.”

“ನಿಮ್ಮ ಅತ್ತಿಗೆಗೆ ಹೇಳಿ, ನಮಗೂ ಕಿವಿ ಇದೆ ಅಂತ.”

ಅಣ್ಣ ತಮ್ಮ ಇಬ್ಬರೂ ಸಾಧು ಪ್ರಾಣಿಗಳು. ಮೆಟ್ಟಿಲ ನಡುವೆ ನಿಂತು, “ಕೇಳಿಸ್ತಲ್ಲ?” “ಕೇಳಿಸ್ತಪ್ಪ” ಎಂದು ಮುಗಿಸಿ ಒಂದೊಂದು ಬೀಡಿ ಹಚ್ಚುತ್ತಿದ್ದರು.

ಇತ್ತ ಲಾಂಡ್ರಿಯಲ್ಲಿ ಚಿಕ್ಕವಳ ಎದುರು ತುದಿಗೆ ಹೊಸಬಳೊಬ್ಬಳು ಬಂದಳು. ಕೈ ಚುರುಕು, ಬಾಯಿ ಮಾತ್ರ ಬೀಗ. “ಹಿಡಿದ್ಯಾ?” ಎಂದರೆ ತಲೆ ಆಡಿಸುವಳು, ಬೆಡ್‌ಶೀಟಿನ ಹಿಂದೆ ತಲೆಯಾಡಿದರೆ ಯಾರಿಗೆ ಕಾಣಬೇಕು? ಉತ್ತರ ಬಾರದ ಪ್ರಶ್ನೆಗಳನ್ನು ದಿನವಿಡೀ ಕೇಳಿ ಕೇಳಿ ಚಿಕ್ಕವಳ ಗಂಟಲು ಮೊದಲ ಬಾರಿಗೆ ಸಣ್ಣಗಾಯಿತು. ರಾತ್ರಿ ಕನಸಿನಲ್ಲಿ ಬೆಡ್‌ಶೀಟು ಹಿಡಿದು ನಡೆಯುತ್ತಿದ್ದಳು. ಎದುರು ತುದಿ ಹಬೆಯೊಳಗೆ ಎಲ್ಲೋ ಇತ್ತು. ನಡೆದಷ್ಟೂ ಬಟ್ಟೆ ಮುಗಿಯುತ್ತಿರಲಿಲ್ಲ.

ಹೀಗಿರುವಾಗ ಊರಿನ ಫುಟ್‌ಬಾಲ್ ತಂಡದ ಬಾವುಟ ಒಗೆಯಲು ಬಂತು.

ಬಾವುಟವೆಂದರೆ ಕೈಯಲ್ಲಿ ಬೀಸುವ ಬಾವುಟವಲ್ಲ. ಇಡೀ ಗ್ಯಾಲರಿಯ ತಲೆಯ ಮೇಲೆ ಹೊದಿಸುವಂಥದ್ದು, ನೀಲಿ ಬಿಳಿ ಪಟ್ಟೆಯದು, ಒಂದು ಕೆರೆಯನ್ನು ಸುರುಳಿ ಸುತ್ತಿ ತಂದಂತೆ ಇತ್ತು. ಅಭಿಮಾನಿಗಳು ಅದನ್ನು ಮಡಿಚುವ ರೀತಿಯನ್ನು ನೋಡಿ ಚಿಕ್ಕವಳಿಗೆ ಕಣ್ಣು ಕತ್ತಲಿಟ್ಟಿತ್ತು. ಮುದ್ದೆ ಮಾಡಿ, ತುಳಿದು, ಹಗ್ಗ ಬಿಗಿದು ತಂದಿದ್ದರು. ಒಳಗೆ ಬೂಷ್ಟು, ಕಡಲೆಕಾಯಿ ಸಿಪ್ಪೆ, ಯಾರದೋ ಒಂದು ಚಪ್ಪಲಿ. ಒಗೆದು, ಒಣಗಿಸಿ, ಹಜಾರದ ಎಲ್ಲ ಹೆಂಗಸರನ್ನೂ ಸೇರಿಸಿ ಮಡಿಚಿದ ಮೇಲೆ ಅವಳು ಮೇಸ್ತ್ರಿಗೆ ಹೇಳಿದಳು:

“ಇದನ್ನ ನಾನೇ ತಗೊಂಡ್ ಹೋಗಿ ಕೊಡ್ತೀನಿ. ಆ ಪುಂಡರಿಗೆ ಮಡಿಚೋದ್ ಹೆಂಗೆ ಅಂತ ಹೇಳ್ಕೊಟ್ಟೇ ಬರ್ತೀನಿ.”

“ಮ್ಯಾಚ್ ನೋಡೋ ಆಸೆ ಅಂತ ನೇರವಾಗ್ ಹೇಳು.”

“ಇಪ್ಪತ್ತೆರಡು ಜನ ಒಂದು ಚೆಂಡಿಗೆ ಕಿತ್ತಾಡೋದನ್ನ ನೋಡೋಕೆ ಆಸೆ ಯಾಕೆ? ನಮ್ಮನೆ ಮೆಟ್ಟಿಲ ಮೇಲೆ ಇಬ್ರೇ ಸಾಕು.”

ಅವಳ ಗಂಡ ಮೈದಾನದ ಗೇಟು ಕಾಯುವವನು. ಗೇಟಿಗೆ ಬೆನ್ನು ಹಾಕಿ ನಿಂತು, ಆಟಗಳನ್ನೆಲ್ಲ ಬರೀ ಸದ್ದಿನಲ್ಲೇ ನೋಡಿ ಮುಗಿಸಿದ ಮಹಾನುಭಾವ. ಯಾವ ಕೂಗು ಗೋಲಿನದು, ಯಾವುದು ಗೋಲು ತಪ್ಪಿದ್ದು, ಯಾವುದು ರೆಫರಿಯ ತಾಯಿಗೆ ಸೇರಿದ್ದು ಎಂದು ಕಿವಿಯಲ್ಲೇ ಬಿಡಿಸಬಲ್ಲವನು. ಹೆಂಡತಿ ಕೆರೆಯಷ್ಟು ಬಟ್ಟೆಯೊಂದಿಗೆ ವ್ಯಾನಿನಿಂದ ಇಳಿದದ್ದನ್ನು ಕಂಡು ಅವನು ಸೆಲ್ಯೂಟ್ ಹೊಡೆದು ಗೇಟು ತೆರೆದ.

ಆಟದ ಕೊನೆಯ ಹೊತ್ತು. ಊರಿನ ತಂಡ ಒಂದು ಗೋಲು ಮುಂದಿತ್ತು. ಗೆದ್ದೇ ಬಿಟ್ಟೆವು ಎಂದು ಗ್ಯಾಲರಿಯವರು ಬಾವುಟವನ್ನು ಬಿಚ್ಚಿದರು. ಬಿಚ್ಚಿದ್ದೇ ತಡ, ಗಾಳಿ ಬಂತು. ಬಾವುಟ ಎದ್ದು, ತಿರುಚಿಕೊಂಡು, ಗ್ಯಾಲರಿಯ ಅರ್ಧ ಜನರನ್ನು ನುಂಗಿಬಿಟ್ಟಿತು. ಒಳಗಿನಿಂದ ಕಿರುಚಾಟ. ನೀಲಿ ಬಿಳಿ ಅಲೆಗಳ ನಡುವೆ ಎಲ್ಲೋ ಒಂದು ಕೈ, ಎಲ್ಲೋ ಒಂದು ಟೋಪಿ. ಅದನ್ನು ಎಳೆದವರು ಎಳೆದರು, ತುಳಿದವರು ತುಳಿದರು. ಚಿಕ್ಕವಳಿಗೆ ಜನರ ಚಿಂತೆಯಾಗಲಿಲ್ಲ. ಅಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ ಬಟ್ಟೆ! ಅವಳು ಬೆಂಚಿನ ಮೇಲೆ ಹತ್ತಿ ನಿಂತಳು. ತಿಂಗಳುಗಳಿಂದ ಸಣ್ಣಗಾಗಿದ್ದ ಗಂಟಲು ತನ್ನಷ್ಟಕ್ಕೆ ತೆರೆದುಕೊಂಡಿತು.

“ಹಿಡಿದ್ಯಾ?”

ಅದು ಬಾಯ್ಲರಿಗೆ ಸವಾಲು ಹಾಕಿ ಬೆಳೆದ ದನಿ. ಗ್ಯಾಲರಿ ಗಪ್‌ಚುಪ್. ಮೂಲೆಯಲ್ಲಿ ಒಬ್ಬ ಕಟುಕ, ಎತ್ತಿನಂಥ ಆಳು, ಬಾವುಟದ ಅಂಚನ್ನು ಹಿಡಿದು ಹೆದರಿದ ಶಾಲೆಯ ಹುಡುಗನಂತೆ ಹೇಳಿದ: “ಹಿಡ್ದೆ!”

“ಎಲ್ರೂ ಹೇಳ್ರೋ! ಹಿಡಿದ್ಯಾ?”

“ಹಿಡ್ದೆ!” ಎಂದಿತು ಗ್ಯಾಲರಿ.

“ಎಳೆದ್ಯಾ?”

“ಎಳ್ದೆ!”

ಬಾವುಟ ಬಿಗಿಯಾಯಿತು. ಒಳಗೆ ಸಿಕ್ಕಿಕೊಂಡವರು ಒಬ್ಬೊಬ್ಬರಾಗಿ, ಮೊಟ್ಟೆಯೊಡೆದು ಬಂದ ಮರಿಗಳಂತೆ ಹೊರಬಂದರು.

“ಮೂಲೆಗ್ ಮೂಲೆ?”

“ಸೇರ್ತು!”

ಕೆಳಗಿನ ಸಾಲಿನವರು ಮೇಲಿನ ಸಾಲಿನವರ ಕಡೆ ಹತ್ತುತ್ತ ಬಂದರು. ಆ ವಿಶಾಲ ಬಟ್ಟೆ ಅವಳ ಕಣ್ಣೆದುರು ಅರ್ಧಕ್ಕೆ ಮಡಿಚಿಕೊಂಡಿತು. ಚಿಕ್ಕವಳಿಗೆ ಇದು ಕನಸೋ ನಿಜವೋ ತಿಳಿಯದಂತಾಯಿತು. ಊರಿಗೆ ಊರೇ ಆ ತುದಿಯಲ್ಲಿ ನಿಂತು ಅವಳಿಗೆ ಉತ್ತರ ಕೊಡುತ್ತಿತ್ತು. ಅವಳು ಮೆಲ್ಲಗೆ, ಬಹುದಿನಗಳ ನಂತರ ಅತ್ಯಂತ ಪ್ರೀತಿಯಿಂದ ಕೇಳಿದಳು:

“ಬಿಡ್ಲಾ?”

ಸರಿಯಾಗಿ ಆಗಲೇ ಕೆಳಗೆ ಮೈದಾನದಲ್ಲಿ ಊರಿನ ಗೋಲ್‌ಕೀಪರು ಹಾರಿಬಂದ ಚೆಂಡನ್ನು ಎದೆಗವಚಿಕೊಂಡು ನೆಲಕ್ಕೆ ಬಿದ್ದಿದ್ದ. ಎದುರಾಳಿಗಳು ಅವನ ಮೇಲೆ ಮುಗಿಬಿದ್ದಿದ್ದರು. ಕಟುಕನಿಗೆ ಒಂದು ಕಣ್ಣು ಬಾವುಟದ ಮೇಲೆ, ಇನ್ನೊಂದು ಆಟದ ಮೇಲೆ. ಅವನು ಗೋಲ್‌ಕೀಪರಿಗೆ ಕಿರುಚಿದ:

“ಬಿಡಬೇಡ!”

ಇಡೀ ಗ್ಯಾಲರಿಗೆ ಅದು ಹಿಡಿಸಿಬಿಟ್ಟಿತು. “ಬಿಡಬೇಡ! ಬಿಡಬೇಡ!” ಸೀಟಿ ಊದುವವರೆಗೆ ಗೋಲ್‌ಕೀಪರು ಚೆಂಡು ಬಿಡಲಿಲ್ಲ, ಗ್ಯಾಲರಿ ಬಾವುಟ ಬಿಡಲಿಲ್ಲ. ಊರು ಗೆದ್ದಿತು. ಬಾವುಟ ಮಾತ್ರ ಅರ್ಧ ಮಡಿಚಿದಂತೆಯೇ ಉಳಿಯಿತು. ಮಡಿಚುವ ಕೆಲಸದಲ್ಲಿ ಬಿಡುವುದೇ ಮುಖ್ಯ ಎಂದು ಅವಳು ಗಂಟಲು ಹರಿದುಕೊಂಡರೂ ಕೇಳುವವರಿರಲಿಲ್ಲ.

ಅಂದಿನಿಂದ ಆ ಕೂಗಿಗೆ ಕಾಲು ಬಂತು. ಮುಂದಿನ ಆಟಕ್ಕೆ ಎದುರು ಗ್ಯಾಲರಿಯವರೂ ಕಲಿತರು. ಸೋತು ರೈಲು ಹತ್ತಿದ ಪರವೂರಿನವರು ಸಿಟ್ಟಿನಲ್ಲಿ ಅಣಕಿಸುತ್ತ ಹೋದರು. ಸೇತುವೆ ದಾಟುವಾಗ ಅಣಕ ಮಾಸಿ, ತಮ್ಮ ಊರು ಮುಟ್ಟುವಾಗ ಅದು ತಮ್ಮದೇ ಕೂಗಾಗಿತ್ತು. ಅಲ್ಲಿಂದ ವಾಲಿಬಾಲಿನವರು ಎತ್ತಿಕೊಂಡರು, ಹಗ್ಗ ಜಗ್ಗುವವರು ಇದು ಮೊದಲಿನಿಂದಲೂ ತಮ್ಮದೇ ಎಂದರು, ದೋಣಿ ಸ್ಪರ್ಧೆಯವರು ಹುಟ್ಟಿನ ತಾಳಕ್ಕೆ ಹೊಂದಿಸಿದರು. ಶಾಲೆಯ ಅಂಗಳದಲ್ಲಿ ಹುಡುಗಿಯರು ಅದರ ತಾಳಕ್ಕೆ ಹಗ್ಗ ಜಿಗಿದರು. ಹಲ್ಲಿನ ಡಾಕ್ಟರ ಕೊಠಡಿಯಿಂದಲೂ “ಹಿಡಿದ್ಯಾ? ಎಳೆದ್ಯಾ?” ಕೇಳಿಬಂತೆಂದು ಗಂಡ ಸುದ್ದಿ ತಂದ, ಅದನ್ನು ಅವಳು ಪೂರ್ತಿ ನಂಬಲಿಲ್ಲ.

ಟೀವಿಯಲ್ಲಿ ಪಂಡಿತರು ಕೂತು ಚರ್ಚಿಸಿದರು. ಇದು ಹಳೆಯ ನಾವಿಕರ ಕೂಗು, ಬಿರುಗಾಳಿಯಲ್ಲಿ ಹಾಯಿ ಸುತ್ತುವಾಗ ಹುಟ್ಟಿದ್ದು ಎಂದು ಒಬ್ಬರು ಹೇಳಿದರು.

“ಲೇ, ಕೇಳಿದ್ಯಾ? ಹಾಯಿಯಂತೆ! ಈಗಲೇ ಹೋಗಿ ಇದು ನಂದು ಅಂತ ಹೇಳೇ” ಎಂದು ಗಂಡ ಕುರ್ಚಿಯಿಂದ ಎದ್ದ.

“ಕೂತ್ಕೊಳ್ರೀ. ಹಾಯಿ, ಬಿರುಗಾಳಿ... ಎಷ್ಟ್ ಚೆನ್ನಾಗಿದೆ. ಅದೇ ಇರ್ಲಿ” ಎಂದಳು ಚಿಕ್ಕವಳು. ತಾನೂ ಅಕ್ಕನೂ ಹಡಗಿನ ತುದಿಗಳಲ್ಲಿ ನಿಂತಂತೆ, ನಡುವೆ ಚಂದ್ರನಷ್ಟು ಬಿಳಿಯ ಹಾಯಿ ಉಬ್ಬಿದಂತೆ ಅವಳಿಗೆ ಕಾಣತೊಡಗಿತ್ತು.

ಆದರೆ ಮೇಲಿನ ಅಂತಸ್ತಿನಲ್ಲಿ ಹಾಯಿಯೂ ಇರಲಿಲ್ಲ, ಚಂದ್ರನೂ ಇರಲಿಲ್ಲ. ಮರುದಿನ ಮೆಟ್ಟಿಲಿನ ನಡುವಿನಿಂದ ಭಾವನ ದನಿ ಬಂತು. ಒಪ್ಪಿಸಿದ ಪಾಠದಂತೆ ಹೇಳಿದ:

“ನಿಮ್ಮ ಅಕ್ಕ ಹೇಳಿದ್ಲು... ನಮ್ಮಿಬ್ರ ಮಾತನ್ನ ಊರಿಗೆಲ್ಲ ಹಂಚಿಬಿಟ್ಲು, ಸಂತೋಷ ಅಂತ. ಅದರಲ್ಲಿ ಬಿಡು ಅನ್ನೋ ನನ್ನ ಉತ್ತರಾನೇ ಕಿತ್ತು ಬಿಸಾಕಿದಾರೆ, ಅದಕ್ಕೂ ಸಂತೋಷ ಅಂತ.”

“ಸಂತೋಷ ಅಂತ ಹೇಳಿದ್ಲಾ ಭಾವ?”

“ಹೇಳೋವಾಗ ಅಳ್ತಾ ಇದ್ಲಮ್ಮ.”

ಚಿಕ್ಕವಳು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಾಯ್ಲರಿನ ಗುಡುಗಿನಲ್ಲಿ, ಒಬ್ಬರಿಗೊಬ್ಬರು ಕಾಣದೆ ಇಬ್ಬರೇ ಆಡಿಕೊಂಡ ಮಾತು. ಈಗ ಹೊಳೆಯಾಚೆಯ ಲಾಂಡ್ರಿಗೆ ಹೋಗುವ ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತ ಯಾವನೋ ಪೋಕರಿ ಅದನ್ನು ಕಿರುಚುತ್ತಾನೆ. ಭಾವ ಹೋಗುತ್ತ ಹೋಗುತ್ತ ಇನ್ನೊಂದು ಮಾತು ಸೇರಿಸಿದ. ಬಂದರಿನ ಊರಿನಲ್ಲಿ ಅವನಿಗೆ ಕ್ರೇನ್ ನಡೆಸುವ ಕೆಲಸ ಸಿಕ್ಕಿತ್ತು. ತಿಂಗಳ ಕೊನೆಯಲ್ಲಿ ಮೇಲಿನ ಅಂತಸ್ತು ಖಾಲಿ.

ಎಂದರೆ, ಗೋಡೆಯ ಬಿರುಕುಗಳನ್ನು ನೋಡುತ್ತ ದಾಟಿಕೊಳ್ಳುವುದೂ ಇನ್ನಿಲ್ಲ.

ಚಿಕ್ಕವಳು ಅಂದೇ ನಿರ್ಧರಿಸಿದಳು. ಬಾಯಿಂದ ಹೋದದ್ದನ್ನು ಬಾಯಿಂದಲೇ ವಾಪಸು ತರಬೇಕು. ಊರಿನಿಂದ ಆ ಕೂಗನ್ನು ಕಿತ್ತುಕೊಂಡು, ಮಡಿಚಿ, ಅಕ್ಕನ ಕೈಗೆ ಕೊಡಬೇಕು. ಇಂಥ ಸಾಹಸಕ್ಕೆ ಹೊರಟವರಲ್ಲಿ ಅವಳೇ ಮೊದಲಿಗಳು. ಮುಂದಿನ ಭಾನುವಾರದ ಆಟಕ್ಕೆ ತನ್ನ ಒಳ್ಳೆಯ ಬಟ್ಟೆ ಉಟ್ಟು, ಗಂಡ ಕಾಯುವ ಗೇಟಿನಿಂದ ಒಳನುಗ್ಗಿ, ಅದೇ ಬೆಂಚಿನ ಮೇಲೆ ಹತ್ತಿದಳು. ಕಟುಕ ಅವಳನ್ನು ಕಂಡು ಟೋಪಿ ತೆಗೆದ.

“ಏಯ್, ಸುಮ್ನಿರ್ರೋ! ಅಮ್ಮ ಬಂದ್ರು!”

ಗ್ಯಾಲರಿ ಉಸಿರು ಬಿಗಿಹಿಡಿಯಿತು. ಚಿಕ್ಕವಳು ಎರಡೂ ಕೈ ಎತ್ತಿ ಕೂಗಿದಳು:

“ನಿಲ್ಸಿ!”

ಇದು ಹೊಸದು ಎಂದು ಎಲ್ಲರಿಗೂ ಅರ್ಥವಾಯಿತು. ಉತ್ತರವೇನಿರಬೇಕು ಎಂದು ಯಾರೂ ಯಾರನ್ನೂ ಕೇಳಲಿಲ್ಲ.

“ನಿಲ್ಸಲ್ಲ!”

“ಅಯ್ಯೋ, ದಮ್ಮಯ್ಯ ನಿಲ್ಸಿ!”

“ದಮ್ಮಯ್ಯ ನಿಲ್ಸಲ್ಲ!”

“ನಿಮ್ಮ ಬಾಯಿಗೆ ಮಣ್ಣು ಹಾಕ!”

“ಮಣ್ಣು ಹಾಕ! ಮಣ್ಣು ಹಾಕ!”

ಜನ ಕುಣಿದರು. ಎದುರು ಗ್ಯಾಲರಿಯೂ ಸೇರಿಕೊಂಡಿತು. ಅವಳು ತಲೆ ಚಚ್ಚಿಕೊಂಡಳು. ಸಾವಿರಾರು ಕೈಗಳು ಒಂದೇ ತಾಳಕ್ಕೆ ತಲೆ ಚಚ್ಚಿಕೊಂಡವು. ಅಳುವೋ ನಗುವೋ ತಿಳಿಯದೆ ಅವಳು ಬೆಂಚಿನಿಂದ ಇಳಿದು ಗೇಟಿಗೆ ಬಂದಾಗ ಗಂಡ ಹೊರಗೆ ನಿಂತು ಕಿವಿಗೊಟ್ಟಿದ್ದ.

“ಇದೇನೇ ಹೊಸ ಸದ್ದು? ಇಷ್ಟು ವರ್ಷದಲ್ಲಿ ಕೇಳಿರ್ಲಿಲ್ಲ.”

“ಅದಾ? ನಾನು ಮಾತು ವಾಪಸ್ ತಗೊಳ್ತಾ ಇರೋ ಸದ್ದು” ಎಂದು ಅವಳು ಗೇಟಿಗೆ ಒರಗಿ ಕುಸಿದು ಕೂತಳು.

ಆ ರಾತ್ರಿ ಅವಳಿಗೆ ಮತ್ತೆ ಅದೇ ಕನಸು ಬಿತ್ತು. ಈ ಸಲ ಬೆಡ್‌ಶೀಟು ಊರಿನ ಛಾವಣಿಗಳ ಮೇಲೆ ಹಾಸಿಕೊಂಡಿತ್ತು. ಔಷಧಿ ಅಂಗಡಿಯವನು, ಕಟುಕ, ಮೇಸ್ತ್ರಿ, ಕಾಣದ ಊರುಗಳ ಕಾಣದ ಜನ, ಎಲ್ಲರೂ ಅದರ ಅಂಚು ಹಿಡಿದಿದ್ದರು. ಹೊಳೆಯ ಮೇಲೆ, ರೈಲು ಹಳಿಯ ಮೇಲೆ, ಹಡಗುಗಳ ಕಂಬಗಳ ಮೇಲೆ ಬಿಳಿಯ ಬಟ್ಟೆ ಉಸಿರಾಡುತ್ತ ಸಾಗಿತ್ತು. ಬಂದರಿನ ಹತ್ತಿರ ಒಂದು ಅಂಚು ಮಾತ್ರ ಯಾರ ಕೈಯಲ್ಲೂ ಇಲ್ಲದೆ ನೀರಿಗೆ ತಾಕುತ್ತಿತ್ತು. ಅಕ್ಕ ಅಲ್ಲಿಗೆ ಹೋಗುವ ಮೊದಲೇ ಕೂಗು ಹೋಗಿ ಕಾಯುತ್ತಿರುತ್ತದೆ ಎಂದು ಕನಸಿನಲ್ಲೇ ಅವಳಿಗೆ ಹೊಳೆಯಿತು. ಕ್ರೇನಿನವರು ಕೂಗುತ್ತಾರೆ, ಮೀನಿನ ಬಲೆಯವರು ಕೂಗುತ್ತಾರೆ, ಅಕ್ಕ ಯಾವ ಬೀದಿಗೆ ಹೋದರೂ ಅದು ಅವಳನ್ನು ಹಿಡಿದ್ಯಾ ಎಂದು ಕೇಳುತ್ತದೆ. ಕೇಳಿದವಳು ಯಾರೆಂದು ಅಕ್ಕನಿಗೊಬ್ಬಳಿಗೇ ಗೊತ್ತಿರುತ್ತದೆ. ಆಗಲೂ ಉತ್ತರ ಕೊಡದೆ ಇರುತ್ತಾಳಾ?

ಇರುತ್ತಾಳೆ, ಹಟಮಾರಿ ಎಂದುಕೊಂಡು ಅವಳು ಎಚ್ಚರವಾದಳು.

ಮನೆ ಖಾಲಿ ಮಾಡುವ ದಿನವೇ ಫೈನಲ್ ಬಂತು. ಬೀದಿಗಳು ಬಣಗುಡುತ್ತಿದ್ದವು, ಊರೆಲ್ಲ ಮೈದಾನದಲ್ಲಿತ್ತು. ಗಂಡ ಗೇಟಿನಲ್ಲಿದ್ದ. ಭಾವ ಕೆಳಗೆ ಲಾರಿಯವನೊಂದಿಗೆ ಅಲಮಾರು ಮೊದಲೋ ಮಂಚ ಮೊದಲೋ ಎಂದು ವಾದಿಸುತ್ತಿದ್ದ. ಲಾರಿಯವನ ಕಿವಿಯಲ್ಲೂ ರೇಡಿಯೋ. ಚಿಕ್ಕವಳು ಮಧ್ಯಾಹ್ನದ ಬಿಸಿಲಿಗೆ ಒಣಹಾಕಿದ್ದ ತನ್ನ ದಿಂಬಿನ ಚೀಲ ತರಲೆಂದು ತಾರಸಿಗೆ ಹತ್ತಿದಳು. ದಿಂಬಿನ ಚೀಲ ಒಣಗಿ ಎರಡು ದಿನವಾಗಿತ್ತು, ಅದು ಬೇರೆ ವಿಷಯ.

ತಾರಸಿಯಲ್ಲಿ ದೊಡ್ಡವಳಿದ್ದಳು.

ಅವಳ ಕೈಯಲ್ಲಿ ಅತ್ತೆಯ ಕಾಲದ ಹೊದಿಕೆ. ಇಬ್ಬರೂ ಸೊಸೆಯರಾಗಿ ಬಂದ ಹೊಸದರಲ್ಲಿ ಅತ್ತೆ ಅದರ ಎರಡು ತುದಿಗೆ ಅವರಿಬ್ಬರನ್ನು ನಿಲ್ಲಿಸಿ ಮಡಿಚುವುದನ್ನು ಕಲಿಸಿದ್ದಳು. ಇಬ್ಬರಿಲ್ಲದೆ ಮಡಿಚಲಾಗದಷ್ಟು ಅಗಲ. ದೊಡ್ಡವಳು ಒಂದು ಮೂಲೆಯನ್ನು ಬಟ್ಟೆ ಹಗ್ಗದ ಗೂಟಕ್ಕೆ ಸಿಕ್ಕಿಸಿ, ಒಂದನ್ನು ಗಲ್ಲದ ಕೆಳಗೆ ಅದುಮಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಹೋರಾಡುತ್ತಿದ್ದಳು. ಹೊದಿಕೆ ಗಾಳಿಗೆ ತುಂಬಿ ಅವಳನ್ನು ಎತ್ತಿಕೊಂಡು ಹೋಗುವಂತಿತ್ತು. ಆಯಸ್ಸೆಲ್ಲ ಮಡಿಚಿದವಳ ಪಾಡು ಇದು! ಲಾಂಡ್ರಿಯವರು ಯಾರಾದರೂ ನೋಡಿದ್ದರೆ ಗಹಗಹಿಸಿ ನಗುತ್ತಿದ್ದರು. ಚಿಕ್ಕವಳಿಗೆ ನಗು ಬರಲಿಲ್ಲ. ಮೆಟ್ಟಿಲ ಬಾಗಿಲಲ್ಲೇ ನಿಂತಳು. ಹೋಗಿ ಹಿಡಿಯಬೇಕು. ಅಕ್ಕ ಕೈ ತಳ್ಳಿಬಿಟ್ಟರೆ?

ಆಗ ಛಾವಣಿಗಳ ಮೇಲಿಂದ, ಮೈದಾನದ ಕಡೆಯಿಂದ ಅದು ತೇಲಿಬಂತು. ಅಷ್ಟು ದೂರದಿಂದ ಅದು ಕೂಗಿನಂತಿರಲಿಲ್ಲ. ಯಾರೋ ಬಹಳ ದೊಡ್ಡವರು ನಿದ್ದೆಗಣ್ಣಿನಲ್ಲಿ ಮೆಲ್ಲಗೆ ಕೇಳಿದಂತಿತ್ತು.

*ಹಿಡಿದ್ಯಾ?*

ಚಿಕ್ಕವಳ ಕಾಲು ತಾನಾಗಿ ಮುಂದೆ ನಡೆಯಿತು. ಗೂಟದಿಂದ ಮೂಲೆ ಬಿಡಿಸಿಕೊಂಡಳು. ನೆಲಕ್ಕೆ ಬಿದ್ದಿದ್ದ ಇನ್ನೊಂದನ್ನು ಎತ್ತಿಕೊಂಡಳು. ಹೊದಿಕೆ ನಡುವೆ ಉಬ್ಬಿ ನಿಂತಿತು. ಅಕ್ಕನ ಮುಖ ಕಾಣಲಿಲ್ಲ.

*ಹಿಡ್ದೆ!* ಎಂದಿತು ಊರು. ಆ ತುದಿಯಲ್ಲಿ ಹಿಡಿತ ಗಟ್ಟಿಯಾದದ್ದು ಚಿಕ್ಕವಳ ಬೆರಳಿಗೆ ತಿಳಿಯಿತು.

*ಎಳೆದ್ಯಾ?*

ಅತ್ತಣಿಂದ ಹದವಾಗಿ, ನಾಲ್ಕು ತಿಂಗಳ ಹಿಂದೆ ಎಳೆಯುತ್ತಿದ್ದ ಅದೇ ಹದದಲ್ಲಿ, ಎಳೆತ ಬಂತು. ಹೊದಿಕೆಯ ಸುಕ್ಕು ನಡುವಿನಿಂದ ಎರಡೂ ಕಡೆಗೆ ಓಡಿಹೋಯಿತು. ಊರು ಅವರ ಪರವಾಗಿ ಕೇಳಿತು, ಊರೇ ಉತ್ತರಿಸಿತು. ಮೂಲೆಗೆ ಮೂಲೆ ಸೇರಿತು. ಚಿಕ್ಕವಳು ತನ್ನ ತುದಿ ಎತ್ತಿಕೊಂಡು ನಡೆದು ಬಂದಳು. ಹೊದಿಕೆ ಇಳಿಯಿತು. ಮುಖಕ್ಕೆ ಮುಖ. ದೊಡ್ಡವಳ ಕೂದಲಿಗೆ ದಾರದ ಎಳೆ ಅಂಟಿತ್ತು, ಗಲ್ಲದ ಮೇಲೆ ಹೊದಿಕೆ ಅದುಮಿದ ಗೆರೆಯಿತ್ತು.

ಇನ್ನುಳಿದದ್ದು ಒಂದೇ ಪ್ರಶ್ನೆ. ಅದನ್ನು ಊರಿಗೆ ಬಿಟ್ಟುಕೊಡಲು ಚಿಕ್ಕವಳಿಗೆ ಮನಸ್ಸಾಗಲಿಲ್ಲ. ಊರಿಗಿಂತ ಮೊದಲು, ಔಷಧಿ ಅಂಗಡಿಗಿರಲಿ, ಪಕ್ಕದ ತಾರಸಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅವಳೇ ಕೇಳಿದಳು:

“ಬಿಡ್ಲಾ ಅಕ್ಕ?”

ದೊಡ್ಡವಳು ಬೆರಳುಗಳನ್ನು ಮುಂದೆ ಚಾಚಿದಳು. ಮೂಲೆಗಳನ್ನು ಹಿಡಿದಳು. ಬಾಯಿ ತೆರೆದಳು. ಅದೇ ಎರಡಕ್ಷರ, ಆಯಸ್ಸಿಡೀ ಹೇಳಿದ್ದು, ನಾಲಿಗೆಯ ತುದಿಗೆ ಬಂದು ನಿಂತಿತು. ಕೆಳಗೆ ಲಾರಿಯವನು ಹಾರ್ನ್ ಹೊಡೆದ. ಮೈದಾನದ ಕಡೆಯಿಂದ ಗಾಳಿ ಬೀಸಿತು.

“ಬಿಡಬೇಡ” ಎಂದಳು ದೊಡ್ಡವಳು.

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

“ಅಯ್ಯೋ, ನೋಡೇ! ಬಸ್ಸಲ್ಲಿ ದಿನಾ ಆ ಪೋಕರಿಗಳು ಕಿರುಚಿ ಕಿರುಚಿ ನನ್ ಬಾಯಿಗೂ ಅದೇ ಹತ್ತಿದೆ!”

“ಹಾಗಾದ್ರೆ ಬಿಡ್ಲಾ?”

“ಬಿಡಬೇಡ ಅಂದ್ನಲ್ಲ! ಎಷ್ಟ್ ಸಲ ಹೇಳ್ಬೇಕು? ಅವತ್ತೂ ಹಿಂಗೇ, ಹೇಳೋಕ್ ಮುಂಚೆ ಬಿಟ್ಟೆ.”

“ನಾನೆಲ್ಲಿ ಬಿಟ್ಟೆ? ನೀನೇ ಹಿಡ್ಕೊಳ್ಲಿಲ್ಲ.”

“ನೀನೇ ಕಣೇ ಬಿಟ್ಟಿದ್ದು.”

“ನೀನೇ ಅಕ್ಕ.”

“ಆ ಮ್ಯಾನೇಜರ್ ಮುಖ ನೆನಪಿದ್ಯಾ? ಮೇಜುಬಟ್ಟೆಗಿಂತ ಜಾಸ್ತಿ ನೀಲಿ ಆಗಿದ್ದ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕರೂ ಕೈ ಸಡಿಲಿಸಲಿಲ್ಲ. ಹೊದಿಕೆಯೇ ಅವರ ನಡುವೆ ಅಲುಗಾಡಿ ನಕ್ಕಿತು. ನಗು ಮುಗಿದ ಮೇಲೆ ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಒರೆಸಿಕೊಳ್ಳಲು ಖಾಲಿ ಕೈ ಇರಲಿಲ್ಲ. ದೊಡ್ಡವಳು ಹೊದಿಕೆಯ ಮಡಿಕೆಗೇ ಮುಖ ಒತ್ತಿದಳು, ಚಿಕ್ಕವಳೂ ಒತ್ತಿದಳು. ಬಿಸಿಲಿನಲ್ಲಿ ಒಣಗಿದ ಬಟ್ಟೆಯ ವಾಸನೆ. ಒಗೆದು ಇಸ್ತ್ರಿ ಮಾಡಿದ್ದನ್ನು ಕಣ್ಣೀರಿಗೆ ಬಳಸುವುದು ಲಾಂಡ್ರಿಯಲ್ಲಾದರೆ ಮಹಾಪರಾಧ.

“ಆ ಊರಲ್ಲಿ ಸಮುದ್ರದ ಗಾಳಿಯಂತೆ. ಬಟ್ಟೆ ಬೇಗ ಒಣಗತ್ತಂತೆ” ಎಂದಳು ದೊಡ್ಡವಳು ಮಡಿಕೆಯೊಳಗಿಂದ.

“ಒಣಗಿದ್ರೆ ಆಯ್ತಾ? ಮಡಿಚೋರ್ ಯಾರು?”

“ಅದಕ್ಕೇ... ಭಾನುವಾರದ ರೈಲಿಗೆ ಬಂದ್ಬಿಡು. ಹೊದಿಕೆ ಒಗೆದು ಇಟ್ಟಿರ್ತೀನಿ.”

“ಪ್ರತಿ ಭಾನುವಾರ ಒಗೆದ್ರೆ ಅತ್ತೆ ಹೊದಿಕೆ ಸವೆದುಹೋಗತ್ತೆ ಅಕ್ಕ.”

“ಸವೀಲಿ ಬಿಡು” ಎಂದಳು ದೊಡ್ಡವಳು. ಥಟ್ಟನೆ ಬೆರಳು ಬಿಗಿಮಾಡಿ ಕಣ್ಣು ಕೆರಳಿಸಿದಳು. “ಏಯ್, ಬಿಡು ಅಂದಿದ್ದು ಹೊದಿಕೆಗೆ. ನೀನ್ ಕೈ ಬಿಟ್ಟೀಯಾ ಜೋಕೆ!”

ಮೈದಾನದ ಕಡೆಯಿಂದ ಏನೋ ಒಂದು ದೊಡ್ಡ ಸದ್ದು ಎದ್ದು ಆಕಾಶಕ್ಕೆ ಹೋಯಿತು. ಗೋಲಾಯಿತೋ, ತಪ್ಪಿತೋ, ಗೇಟಿನಲ್ಲಿದ್ದ ಗಂಡನೊಬ್ಬನಿಗೇ ಗೊತ್ತು. ಲಾರಿಯವನು ಮತ್ತೆ ಹಾರ್ನ್ ಹೊಡೆದ. ಮೆಟ್ಟಿಲ ನಡುವೆ ತನ್ನ ಹಳೆಯ ಜಾಗಕ್ಕೆ ಬಂದು ನಿಂತ ಭಾವನ ದನಿ ಮೇಲೇರಿತು. ಅಭ್ಯಾಸಬಲ, ಯಾರ ಮಾತನ್ನು ಯಾರಿಗೆ ಒಪ್ಪಿಸಬೇಕೋ ತಿಳಿಯದೆ ಗಾಳಿಗೆ ಕೇಳಿದ:

“ಏನ್ ಮಾಡ್ತಿದೀರಾ ಅಲ್ಲಿ? ಲಾರಿ ತುಂಬ್ಸಾಯ್ತು!”

“ಹೊದಿಕೆ ಮಡಿಚ್ತಾ ಇದೀವಿ!” ಎಂದಳು ದೊಡ್ಡವಳು.

“ಇನ್ನೂ ಎಷ್ಟೊತ್ತು?”

ದೊಡ್ಡವಳು ಚಿಕ್ಕವಳನ್ನು ನೋಡಿದಳು. ಇಬ್ಬರ ಹತ್ತು ಹತ್ತು ಬೆರಳೂ ಮೂಲೆಗಳಲ್ಲಿ ಹೆಣೆದುಕೊಂಡಿದ್ದವು.

“ಇವಳು ಬಿಟ್ರೆ ತಾನೇ ಬರೋದು!”